ಮಾತ್ರೆಯ ಎರಡನೇ ಕೆಲಸ

"ಅಕ್ಕಾ, ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು ಅನ್ನೋ ಇಂಜೆಕ್ಷನ್ ಬಂದಿದೆಯಂತಲ್ಲ, ನನಗೆ ಮಾತ್ರ ಯಾಕೆ ಬೇಡ ಅಂತಾರೆ?"

ಸಿಡ್ನಿಯ ಟೂನ್‌ಗ್ಯಾಬಿ ಸ್ಟೇಷನ್ನಿನ ಹೊರಗೆ, ಕಾರಿನ ಗಾಜು ಪೂರ್ತಿ ಏರಿಸಿಕೊಂಡು ಆತ ಈ ಪ್ರಶ್ನೆ ಕೇಳಿದ. ವಯಸ್ಸು ನಲವತ್ತರ ಹತ್ತಿರ. ನಮ್ಮ ಗಿರಾವೀನ್‌ನಲ್ಲೇ ಮನೆ. ಎಚ್‌ಐವಿ ಇದೆಯೆಂದು ಗೊತ್ತಾಗಿ ಆರು ವರ್ಷ. ದಿನಕ್ಕೊಂದು ಮಾತ್ರೆ ನುಂಗುತ್ತಾನೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ಆ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಕೆಲಸ, ಕ್ರಿಕೆಟ್, ವಾರಾಂತ್ಯದ ಅಡುಗೆ ಎಲ್ಲವೂ ಸರಿಯಾಗೇ ನಡೆದಿದೆ. ಕಷ್ಟವಿರುವುದು ಮಾತ್ರೆ ಬಚ್ಚಿಡುವುದರಲ್ಲಿ. ದಾವಣಗೆರೆಯಿಂದ ಅಮ್ಮ ಬಂದು ಆರು ತಿಂಗಳು ಇರುತ್ತಾರೆ, ಮಗನ ಕೋಣೆಯನ್ನು ದಿನಾ ಓರಣ ಮಾಡುತ್ತಾರೆ. ಅದಕ್ಕೇ ಆತ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟಿದ್ದ. ಇಂಜೆಕ್ಷನ್ ಸಿಕ್ಕಿದರೆ ಡಬ್ಬಿಯೇ ಬೇಡವಲ್ಲ ಎಂಬುದು ಲೆಕ್ಕ. ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಎಂಬ ಆ ಜೋಡಿ ಇಂಜೆಕ್ಷನ್ 2022ರ ಏಪ್ರಿಲ್‌ನಿಂದ ಇಲ್ಲಿ ಸರ್ಕಾರದ ರಿಯಾಯಿತಿಯಲ್ಲೇ ಸಿಗುತ್ತಿದೆ. ವೈದ್ಯರು ಮಾತ್ರ "ನಿಮ್ಮ ಲಿವರ್‌ಗೆ ಅದು ಆಗಿಬರುವುದಿಲ್ಲ" ಎಂದಿದ್ದರು. ತಾನು ವಲಸೆಗಾರ ಅಂತ ಹೀಗಂದರು ಎಂದು ಆತ ಮನಸ್ಸಿಗೆ ಹಚ್ಚಿಕೊಂಡಿದ್ದ.

ಆತನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಪಶ್ಚಿಮ ಸಿಡ್ನಿಯ ಔಷಧಂಗಡಿಗಳ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವಳು ನಾನು. ಅಲ್ಲಿ ಕೇಳಲಾಗದ್ದನ್ನು ಈ ಅಂಕಣಕ್ಕೆ ಬರೆದು ಕೇಳುವವರು ಇದ್ದಾರೆ. ಈಚೆಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದೇ: ಎಚ್‌ಐವಿ ಹತೋಟಿಯಲ್ಲಿದೆ ಅಂದಮೇಲೂ ಡಾಕ್ಟರು ಲಿವರ್ ಲಿವರ್ ಅಂತ ಯಾಕೆ ಹೆದರಿಸುತ್ತಾರೆ?

ಆತನ ಆರು ವರ್ಷದ ಹಿಂದಿನ ರಿಪೋರ್ಟ್ ತರಿಸಿ ನೋಡಿದೆವು. ಎಚ್‌ಐವಿ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು: ಎಚ್‌ಬಿಎಸ್‌ಎಜಿ, ಪಾಸಿಟಿವ್. ಅಂದರೆ ಹೆಪಟೈಟಿಸ್ ಬಿ. ಅದನ್ನೂ ಅಂದೇ ವಿವರಿಸಿದ್ದರೆಂದು ವೈದ್ಯರ ಪತ್ರದಲ್ಲೇ ಇದೆ. ಆದರೆ ಮೊದಲ ಪದ ಕಿವಿಗೆ ಬಿದ್ದ ಮೇಲೆ ಆತನಿಗೆ ಉಳಿದದ್ದು ಕೇಳಿಸಿರಲಿಲ್ಲ. ಇಂಥವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಆ ಗಳಿಗೆಯಲ್ಲಿ ಯಾರ ತಲೆಗೂ ಎರಡು ಕಾಯಿಲೆ ಒಟ್ಟಿಗೆ ಹೋಗುವುದಿಲ್ಲ.

ಲಿವರ್ ವಿಷಯವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಹಳೆಯ ಕಾರಣವಿದೆ. 1996ರ ಸುಮಾರಿಗೆ ಎಚ್‌ಐವಿಗೆ ಮೂರು ಔಷಧ ಕೂಡಿಸಿ ಕೊಡುವ ಚಿಕಿತ್ಸೆ ಬಂತು, ಏಡ್ಸ್‌ನಿಂದ ಸಾಯುವುದು ಇಳಿಯಿತು. ಬದುಕುಳಿದವರು ಮುಂದೆ ಯಾವುದರಿಂದ ಸಾಯುತ್ತಿದ್ದಾರೆಂದು ನೋಡಲು ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳ 23,441 ಜನರನ್ನು ವರ್ಷಗಳ ಕಾಲ ಹಿಂಬಾಲಿಸಿದ ಡಿ:ಎ:ಡಿ ಎಂಬ ದೊಡ್ಡ ಅಧ್ಯಯನವೊಂದಿದೆ. ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ತೀರಿಕೊಂಡ 1,246 ಜನರಲ್ಲಿ ಶೇ. 14.5ರಷ್ಟು ಮಂದಿಯ ಸಾವು ಲಿವರ್‌ಗೆ ಸಂಬಂಧಿಸಿದ್ದು. ಏಡ್ಸ್ ಬಿಟ್ಟರೆ ಅದೇ ಎಲ್ಲಕ್ಕಿಂತ ಮುಂದಿದ್ದ ಕಾರಣ. ಅವರಲ್ಲಿ ಬಹಳಷ್ಟು ಜನರಿಗೆ ಹೆಪಟೈಟಿಸ್ ಬಿ ಅಥವಾ ಸಿ ಜೊತೆಗಿತ್ತು.

ಎಚ್‌ಐವಿ ತಾನೇ ಲಿವರ್ ಕಾಯಿಲೆಯ ವೈರಸ್ ಅಲ್ಲ. ಆದರೆ ಸೋಂಕಿನ ಮೊದಲ ವಾರಗಳಲ್ಲೇ ಅದು ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕೋಶಗಳನ್ನು ಕೊಲ್ಲುತ್ತದೆ. ಬೇಲಿ ಸಡಿಲವಾದ ಹೊಲದಂತಾಗುತ್ತದೆ ಕರುಳು. ಅಲ್ಲಿಂದ ನುಸುಳಿದ ಬ್ಯಾಕ್ಟೀರಿಯಾದ ಚೂರುಪಾರು ನೇರ ಹೋಗುವುದು ಲಿವರ್‌ಗೇ. ಕರುಳಿನ ರಕ್ತವೆಲ್ಲ ಮೊದಲು ಹರಿಯುವುದು ಅಲ್ಲಿಗೆ ತಾನೆ. ಲಿವರ್ ಸದಾ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಆ ಉರಿಯ ಮೇಲೆ ಹೆಪಟೈಟಿಸ್ ಬಿ ಕೂಡ ಇದ್ದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕೆಲಸ, ಅಂದರೆ ಸಿರೋಸಿಸ್ ಕಡೆಗಿನ ನಡಿಗೆ, ಚುರುಕಾಗುತ್ತದೆ. ಜಗತ್ತಿನಾದ್ಯಂತ ಎಚ್‌ಐವಿ ಇರುವವರಲ್ಲಿ ಶೇ. 7.4ರಷ್ಟು ಜನರಿಗೆ ಹೆಪಟೈಟಿಸ್ ಬಿ ಕೂಡ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಹೆಪಟೈಟಿಸ್ ಬಿಗೂ ನಾವು ಬಂದು ನೆಲೆಸಿದ ಈ ನೆಲಕ್ಕೂ ಒಂದು ನಂಟಿದೆ. 1960ರ ದಶಕದಲ್ಲಿ ಬರೂಕ್ ಬ್ಲೂಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ವ್ಯತ್ಯಾಸಗಳನ್ನು ಹುಡುಕುತ್ತಿದ್ದರು. ಅನೇಕ ಬಾರಿ ರಕ್ತ ಪಡೆದಿದ್ದ ಒಬ್ಬ ಹಿಮೋಫಿಲಿಯಾ ರೋಗಿಯ ರಕ್ತರಸವು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದ ಮಾದರಿಯೊಂದಿಗೆ ಮಾತ್ರ ವಿಚಿತ್ರವಾಗಿ ವರ್ತಿಸಿತು. ಅಲ್ಲಿ ಕಂಡ ಪ್ರೋಟೀನಿಗೆ ಅವರು 'ಆಸ್ಟ್ರೇಲಿಯಾ ಆ್ಯಂಟಿಜೆನ್' ಎಂದು ಹೆಸರಿಟ್ಟರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ತಿಳಿದದ್ದು ಆಮೇಲೆ. ಇಂದು ರಕ್ತಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಎಂದು ಬರೆಯುವುದು ಇದನ್ನೇ. 1976ರಲ್ಲಿ ಬ್ಲೂಂಬರ್ಗ್ ಅವರಿಗೆ ನೊಬೆಲ್ ಬಂತು. ಪ್ರತಿ ವರ್ಷ ವಿಶ್ವ ಹೆಪಟೈಟಿಸ್ ದಿನ ಆಚರಿಸುವ ಜುಲೈ 28 ಅವರ ಹುಟ್ಟುಹಬ್ಬ. ಹೆಸರು ಕೊಟ್ಟ ಈ ದೇಶದಲ್ಲಿ ಇಂದು ಸುಮಾರು 2 ಲಕ್ಷ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಇದೆ, ಅವರಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿ ಹುಟ್ಟಿ ಬಂದವರು.

ನಮ್ಮವರಿಗೆ ಇದು ಬಂದಿರುವುದು ಹೆಚ್ಚಾಗಿ ಹುಟ್ಟಿನಲ್ಲೋ ಎಳೆತನದಲ್ಲೋ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಬಹುಪಾಲು ಜನರ ದೇಹ ತಾನೇ ಅದನ್ನು ಹೊರಗಟ್ಟುತ್ತದೆ, ಎಚ್‌ಐವಿ ಇರುವವರಲ್ಲಿ ಮಾತ್ರ ಅದು ಉಳಿದುಬಿಡುವ ಸಾಧ್ಯತೆ ಹೆಚ್ಚು. ಭಾರತದ ಸರ್ಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ಲಸಿಕೆ ದೇಶವ್ಯಾಪಿಯಾಗಿ ಸೇರಿದ್ದು 2011ರಲ್ಲಿ. ಹಾಗಾಗಿ ಈ ಅಂಕಣ ಓದುತ್ತಿರುವ ನಮ್ಮ ತಲೆಮಾರಿನ ಹೆಚ್ಚಿನವರಿಗೆ ಬಾಲ್ಯದಲ್ಲಿ ಆ ಲಸಿಕೆ ಬಿದ್ದಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮವರು ಗಮನಿಸಿರುವುದಿಲ್ಲ. ಆಸ್ಟ್ರೇಲಿಯಾದ ಪಿಆರ್‌ಗೆ, ಅಂದರೆ ಕಾಯಂ ವಾಸಕ್ಕೆ, ಅರ್ಜಿ ಹಾಕುವಾಗ 15 ವರ್ಷ ದಾಟಿದ ಎಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆ ಗರ್ಭಿಣಿಯರು, ಆಸ್ಪತ್ರೆ ಕೆಲಸಕ್ಕೆ ಬರುವವರು ಮುಂತಾದ ಕೆಲವರಿಗೆ ಮಾತ್ರ. "ಮೆಡಿಕಲ್ ಎಲ್ಲ ಕ್ಲಿಯರ್ ಆಗಿದೆ" ಎಂದು ನಿಶ್ಚಿಂತೆಯಿಂದ ಇರುವವರ ಲಿವರನ್ನು ಯಾರೂ ನೋಡಿಯೇ ಇಲ್ಲದಿರಬಹುದು.

ಈಗ ಆತನ ಪ್ರಶ್ನೆಗೆ ಬರುತ್ತೇನೆ. ಎಚ್‌ಐವಿಗೆ ಕೊಡುವ ಮಾತ್ರೆಯೊಳಗೆ ಎರಡೋ ಮೂರೋ ಔಷಧಗಳಿರುತ್ತವೆ. ಹಲವು ಮಾತ್ರೆಗಳಲ್ಲಿರುವ ಟೆನೊಫೊವಿರ್ ಎಂಬುದಕ್ಕೆ ಎರಡು ಕೆಲಸ ಗೊತ್ತು. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ತಮ್ಮ ಪ್ರತಿ ತೆಗೆಯುವ ಕ್ರಮದಲ್ಲಿ ಹೋಲಿಕೆಯಿದೆ. ಹೀಗಾಗಿ ಒಂದರ ಕೈ ಕಟ್ಟಿಹಾಕುವ ಔಷಧ ಇನ್ನೊಂದರ ಕೈಯನ್ನೂ ಕಟ್ಟುತ್ತದೆ. ಲ್ಯಾಮಿವುಡಿನ್, ಎಮ್‌ಟ್ರಿಸಿಟಬಿನ್‌ಗಳಿಗೂ ಈ ಗುಣವಿದೆ. ಆದರೆ ಲ್ಯಾಮಿವುಡಿನ್ ಒಂದನ್ನೇ ನಂಬಿದರೆ ಕೆಲವೇ ವರ್ಷಗಳಲ್ಲಿ ಹೆಪಟೈಟಿಸ್ ಬಿ ಅದಕ್ಕೆ ಬಗ್ಗದಂತೆ ರೂಪ ಬದಲಿಸಿಕೊಳ್ಳುತ್ತದೆ. 2004ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಉಚಿತ ಎಚ್‌ಐವಿ ಚಿಕಿತ್ಸೆ (ಎಆರ್‌ಟಿ) ಶುರುಮಾಡಿದಾಗ ಕೊಡುತ್ತಿದ್ದ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಜೋಡಣೆಯಲ್ಲಿ ಹೆಪಟೈಟಿಸ್ ಬಿಗೆ ನಾಟುತ್ತಿದ್ದದ್ದು ಲ್ಯಾಮಿವುಡಿನ್ ಮಾತ್ರ. ಮೇಲಾಗಿ ನೆವಿರಪಿನ್ ಕೆಲವರ ಲಿವರನ್ನೇ ಹಿಂಡುತ್ತಿತ್ತು. ಆ ಮಾತ್ರೆಗಳು ಅಂದು ಲಕ್ಷಾಂತರ ಜೀವ ಉಳಿಸಿದವು, ಅದನ್ನು ಮರೆಯಬಾರದು. ಆದರೆ ಆ ಕಾಲದಲ್ಲಿ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಚಿಕಿತ್ಸೆ ಶುರುಮಾಡಿ ಆಮೇಲೆ ಇಲ್ಲಿಗೆ ಬಂದವರು ತಮ್ಮ ಹಳೆಯ ಚಿಕಿತ್ಸೆಯ ಹಸಿರು ಪುಸ್ತಕ, ಚೀಟಿ ಏನಿದ್ದರೂ ಇಲ್ಲಿನ ವೈದ್ಯರಿಗೆ ತೋರಿಸಲಿ. ಈಗ ಭಾರತದಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್ ಇದೆ.

ಹೊಸ ಇಂಜೆಕ್ಷನ್‌ನಲ್ಲಿ ಅದು ಇಲ್ಲ. ಅದರಲ್ಲಿರುವ ಎರಡೂ ಔಷಧಗಳು ಎಚ್‌ಐವಿಯನ್ನು ಚೆನ್ನಾಗಿ ತಡೆಯುತ್ತವೆ, ಹೆಪಟೈಟಿಸ್ ಬಿಯನ್ನು ಮುಟ್ಟುವುದೇ ಇಲ್ಲ. ಹೆಪಟೈಟಿಸ್ ಬಿ ಲಿವರ್ ಕೋಶದ ಒಳಗೆ ತನ್ನ ಬೀಜವನ್ನು ಬಚ್ಚಿಟ್ಟಿರುತ್ತದೆ, ಮಾತ್ರೆ ಅದನ್ನು ಮೊಳೆಯದಂತೆ ತಡೆದಿರುತ್ತದೆ ಅಷ್ಟೇ. ತಡೆ ತೆಗೆದರೆ ಅದು ಮತ್ತೆ ಎದ್ದು ಕೆಲವೇ ವಾರಗಳಲ್ಲಿ ಲಿವರ್ ಉರಿದು, ಕಾಮಾಲೆಯಾಗಿ, ಕೆಲವೊಮ್ಮೆ ಜೀವಕ್ಕೇ ಬರಬಹುದು. ಇಂಜೆಕ್ಷನ್ ತೆಗೆದುಕೊಂಡು ಹೆಪಟೈಟಿಸ್ ಬಿಗೆ ಬೇರೆ ಮಾತ್ರೆ ನುಂಗಬಹುದು ನಿಜ. ಆದರೆ ಆಗಲೂ ಡಬ್ಬಿ ಮನೆಯಲ್ಲಿರಲೇಬೇಕು. ಇದನ್ನು ಹೇಳಿದಾಗ ಆತ ಬಹಳ ಹೊತ್ತು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದ. "ಹಾಗಾದ್ರೆ ಅವರು ನನ್ನ ಉಳಿಸೋಕೇ ಬೇಡ ಅಂದಿದ್ದು" ಅಂದ.

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೊರಬಂತು. ಎರಡು ವರ್ಷದ ಹಿಂದೆ ತಂಗಿಯ ಮದುವೆಗೆ ಊರಿಗೆ ಹೋದಾಗ, ಮನೆ ತುಂಬ ನೆಂಟರು, ಮಾತ್ರೆ ತೆಗೆದುಕೊಂಡೇ ಹೋಗಿರಲಿಲ್ಲವಂತೆ. ಮೂರು ವಾರ ಮಾತ್ರೆಯಿಲ್ಲ. ಅದೃಷ್ಟಕ್ಕೆ ಏನೂ ಆಗಲಿಲ್ಲ. ಊರಿಗೆ ಹೊರಟವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಉಡುಗೊರೆ ಬಿಟ್ಟು ಹೋದರೂ ಮಾತ್ರೆ ಬಿಡಬೇಡಿ, ರಜೆ ಮುಗಿದ ಮೇಲೂ ಎರಡು ವಾರಕ್ಕಾಗುವಷ್ಟು ಹೆಚ್ಚಿಗೆ ಒಯ್ಯಿರಿ. ಅದು ಬಂದ ಡಬ್ಬಿಯಲ್ಲೇ ಇರಲಿ. ಹಲವು ಡಬ್ಬಿಗಳೊಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತದೆ, ವಿಟಮಿನ್ ಡಬ್ಬಿಗೆ ಸುರಿದರೆ ಆ ರಕ್ಷಣೆಯೂ ಹೋಯಿತು. ಓದಲು ಬಂದ ಮಕ್ಕಳಿಗೆ ಒಂದು ಮಾತು. ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇಲ್ಲ, ದುಡ್ಡಿಲ್ಲ ಎಂದು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಬೇಡಿ. 2023ರ ಜುಲೈಯಿಂದ ಮೆಡಿಕೇರ್ ಇಲ್ಲದವರಿಗೂ ಎಚ್‌ಐವಿ ಔಷಧ ಸರ್ಕಾರಿ ಆಸ್ಪತ್ರೆಗಳ ಮೂಲಕ ಸಿಗುವ ವ್ಯವಸ್ಥೆ ಇದೆ.

2015ರ ಜುಲೈಯಿಂದ ಈ ಮಾತ್ರೆಗಳನ್ನು ಮನೆ ಹತ್ತಿರದ ಔಷಧಂಗಡಿಯಲ್ಲೇ ತೆಗೆದುಕೊಳ್ಳಬಹುದು. ಆದರೂ ಗಿರಾವೀನ್, ಪೆಂಡಲ್ ಹಿಲ್, ವೆಂಟ್‌ವರ್ತ್‌ವಿಲ್‌ನ ನಮ್ಮವರು ರೈಲು ಹತ್ತಿ ಡಾರ್ಲಿಂಗ್‌ಹರ್ಸ್ಟ್‌ವರೆಗೆ ಹೋಗುತ್ತಾರೆ. ಅಲ್ಲಿ ಕೌಂಟರಿನ ಹಿಂದೆ ನನ್ನಂಥ ಅಕ್ಕ ನಿಂತಿರುವುದಿಲ್ಲ ಎಂಬುದೇ ಕಾರಣ. ಅದು ನನಗೆ ಅರ್ಥವಾಗುತ್ತದೆ, ನೋವೂ ಆಗುತ್ತದೆ. ದುಭಾಷಿ ಬೇಕಾದರೆ 131 450ಗೆ ಫೋನು ಮಾಡಿ ಕನ್ನಡ ಕೇಳಿ. ನಿಮ್ಮ ಹೆಸರು ಹೇಳದೆ ಮಾತಾಡಬಹುದೇ, ಬೇರೆ ರಾಜ್ಯದ ದುಭಾಷಿ ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹೆಪಟೈಟಿಸ್ ಸಿ ಬಗ್ಗೆಯೂ ಕೇಳಿದ್ದೀರಿ. ಅದು ಈ ದೇಶದಲ್ಲಿ ಸಂತೋಷದ ಸುದ್ದಿ. 2016ರ ಮಾರ್ಚ್ 1ರಿಂದ ಹೊಸ ಮಾತ್ರೆಗಳು ಎಲ್ಲ ವಯಸ್ಕ ರೋಗಿಗಳಿಗೂ ರಿಯಾಯಿತಿಯಲ್ಲಿ ಸಿಗುತ್ತಿವೆ. ಎಂಟರಿಂದ ಹನ್ನೆರಡು ವಾರ ನುಂಗಿದರೆ ನೂರರಲ್ಲಿ ತೊಂಬತ್ತೈದು ಜನರಿಗೆ ಪೂರ್ತಿ ಗುಣ. ಎಚ್‌ಐವಿ ಇದ್ದರೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ.

ವೈರಸ್ ಯಾವುದೂ ಇಲ್ಲದಿದ್ದರೂ ನಮ್ಮವರ ಲಿವರ್‌ಗೆ ಕೊಬ್ಬು ಬೇಗ ಹತ್ತುತ್ತದೆ. ನಮಗೆ ತೂಕ ಹೆಚ್ಚು ಕಾಣದಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡುವ ಜಾಯಮಾನ. ಅದಕ್ಕೇ ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನೇ ಎಚ್ಚರಿಕೆಯ ಗೆರೆ ಎಂದಿಟ್ಟಿದ್ದಾರೆ. ಡೊಲುಟೆಗ್ರಾವಿರ್‌ನಂಥ ಹೊಸ ಎಚ್‌ಐವಿ ಔಷಧ ಶುರುಮಾಡಿದವರಲ್ಲಿ ತೂಕ ಏರುವುದನ್ನು ಅಧ್ಯಯನಗಳು ಕಂಡಿವೆ. ಅದರ ಮೇಲೆ ನಮ್ಮ ಅನ್ನ, ಹಬ್ಬದ ಹೋಳಿಗೆ, ಶುಕ್ರವಾರದ ಬಾಟಲಿ. ಗಿರಾವೀನ್‌ನಿಂದ ಹತ್ತೇ ನಿಮಿಷದ ವೆಸ್ಟ್‌ಮೀಡ್‌ನಲ್ಲಿ ಸ್ಟಾರ್ ಲಿವರ್ ಸೆಂಟರ್ ಇದೆ. ಕೊಬ್ಬಿನ ಲಿವರನ್ನು ಕುಡಿತದ ಲೆಕ್ಕದಿಂದ ಅಳೆಯುವುದು ಬಿಟ್ಟು ದೇಹದ ಸಕ್ಕರೆ, ಕೊಬ್ಬು, ತೂಕದ ಲೆಕ್ಕದಿಂದ ನೋಡಬೇಕೆಂದು 2020ರಲ್ಲಿ ಹೊಸ ಹೆಸರನ್ನೇ ಸೂಚಿಸಿದ ತಜ್ಞರ ತಂಡವನ್ನು ಮುನ್ನಡೆಸಿದವರಲ್ಲಿ ಅಲ್ಲಿನ ಜೇಕಬ್ ಜಾರ್ಜ್ ಒಬ್ಬರು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜು ಮಾಡುವ ಫಿಬ್-4 ಎಂಬ ಲೆಕ್ಕವನ್ನು ಇಂದು ಯಾವ ಕುಟುಂಬ ವೈದ್ಯರು (ಜಿಪಿ) ಬೇಕಾದರೂ ಹಾಕುತ್ತಾರೆ. ವಯಸ್ಸು, ಎರಡು ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ ಇದ್ದರೆ ಸಾಕು, ಉತ್ತರ 1.3ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 2006ರಲ್ಲಿ ಆ ಲೆಕ್ಕ ಹುಟ್ಟಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳ ರಕ್ತದಿಂದ. ನಾವು ದೂರ ಇಡುವ ಜನರ ದೇಹ ಕಲಿಸಿದ್ದು ಇಂದು ಎಲ್ಲರ ಲಿವರ್ ಕಾಯುತ್ತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

ಕಾಮಾಲೆ ಅಂದಕೂಡಲೇ ನಮಗೆ ನೆನಪಾಗುವುದು ನೆಲನೆಲ್ಲಿ. ಬೇರುಸಹಿತ ಕಿತ್ತು, ತೊಳೆದು, ಅರೆದು, ಬರಿಹೊಟ್ಟೆಗೆ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಮಾಡಿಸುತ್ತಿದ್ದರು ನನ್ನ ಅಜ್ಜಿ. ಈ ಗಿಡವನ್ನು ವಿಜ್ಞಾನ ಕಡೆಗಣಿಸಲಿಲ್ಲ. ಅದೇ ಬ್ಲೂಂಬರ್ಗ್, ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಸೇರಿ 1988ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಮಂದಿಯ ರಕ್ತದಿಂದ ಆಸ್ಟ್ರೇಲಿಯಾ ಆ್ಯಂಟಿಜೆನ್ ಮಾಯವಾಗಿತ್ತು. ಜಗತ್ತೇ ಬೆರಗಾಯಿತು. ಆದರೆ ಬೇರೆಯವರು ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ. ಅಜ್ಜಿಯ ಮದ್ದಿಗೆ ಗುಣವಾಗುತ್ತಿದ್ದ ಕಾಮಾಲೆ ಬಹುಮಟ್ಟಿಗೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ, ಇ. ಅವು ಪಥ್ಯ, ವಿಶ್ರಾಂತಿಯಲ್ಲಿ ತಾವೇ ಇಳಿಯುತ್ತವೆ. ಹೆಪಟೈಟಿಸ್ ಬಿ ಹಾಗಲ್ಲ, ಅದು ಕಣ್ಣು ಹಳದಿ ಮಾಡದೆಯೇ ಮೂವತ್ತು ವರ್ಷ ಒಳಗಿರುತ್ತದೆ.

ಊರಿಂದ ಬರುವ ಪುಡಿ, ಕಷಾಯಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ, ಆತಂಕವಿದೆ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡ 43 ಮಂದಿಯ ವಿವರವನ್ನು ಭಾರತದ ವೈದ್ಯರು ಒಟ್ಟುಗೂಡಿಸಿ ಪ್ರಕಟಿಸಿದ್ದಾರೆ. 2023ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ, ಅರಿಶಿನದ ಕ್ಯಾಪ್ಸೂಲುಗಳಿಂದ ಅಪರೂಪಕ್ಕೆ ಲಿವರ್ ಹಾನಿಯಾಗುವುದೆಂದು ಎಚ್ಚರಿಸಿತು. ಸಾರಿಗೆ ಹಾಕುವ ಅರಿಶಿನಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಎಚ್‌ಐವಿ ಮಾತ್ರೆಯ ಜೊತೆ ಕ್ಷಯದ ಮಾತ್ರೆಯನ್ನೂ ನುಂಗುತ್ತಿರುವವರ ಲಿವರ್ ಮೊದಲೇ ದಣಿದಿರುತ್ತದೆ. ಏನನ್ನು ಕುಡಿಯುತ್ತಿದ್ದೀರೋ ಅದರ ಪೊಟ್ಟಣವನ್ನೇ ವೈದ್ಯರ ಮುಂದಿಡಿ, ಬೈಸಿಕೊಂಡರೂ ಚಿಂತೆಯಿಲ್ಲ.

ಇಂಜೆಕ್ಷನ್ ಕೇಳಿದ ಆತನ ಕಥೆ ಕಾರಿನ ಮಾತಿಗೇ ನಿಲ್ಲಲಿಲ್ಲ. ಹೆಪಟೈಟಿಸ್ ಬಿ ಅಮ್ಮನಿಂದ ಬಂದಿರಬಹುದಾದರೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಅಣ್ಣ? ಎಚ್‌ಐವಿ ವಿಷಯ ಅಣ್ಣನಿಗೆ ಗೊತ್ತಿಲ್ಲ. ಆದರೆ ಹೆಪಟೈಟಿಸ್ ಬಿ ಬಗ್ಗೆ ಮಾತಾಡಲು ಎಚ್‌ಐವಿಯ ಮಾತು ತೆಗೆಯಬೇಕಿಲ್ಲ ಎಂದೆ. "ನನಗೆ ಲಿವರ್ ವೈರಸ್ ಇದೆಯಂತೆ, ಹುಟ್ಟಿನಿಂದ ಇರಬಹುದಂತೆ, ನೀನೂ ಒಮ್ಮೆ ನೋಡಿಸು" ಎಂದು ಆತ ಫೋನು ಮಾಡಿದ. ಅಣ್ಣನಿಗೆ ಪಾಸಿಟಿವ್ ಬಂತು. ಅತ್ತಿಗೆಗೆ ಇಲ್ಲ, ಲಸಿಕೆ ಹಾಕಿಸಿದರು. ಇಲ್ಲೇ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನವೇ ಲಸಿಕೆ ಬಿದ್ದಿತ್ತು. ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ ಇದು ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಶ್ ಮಾತ್ರ ಬೇರೆ ಇರಲಿ ಎಂದರು ಅಲ್ಲಿನ ವೈದ್ಯರು. ಹೆಪಟೈಟಿಸ್ ಬಿ ಇರುವವರಿಗೆ ಸಿರೋಸಿಸ್ ಆಗದೆಯೂ ಲಿವರ್ ಕ್ಯಾನ್ಸರ್ ಬರಬಹುದಾದ್ದರಿಂದ ಅಣ್ಣನಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಗೊತ್ತುಮಾಡಿದ್ದಾರೆ.

ಆಮೇಲೆ ದಾವಣಗೆರೆಯಲ್ಲಿ ಅಮ್ಮನ ರಕ್ತ ಪರೀಕ್ಷೆಯಾಯಿತು. ರಿಪೋರ್ಟ್ ವಾಟ್ಸಾಪಿನಲ್ಲಿ ಬಂತು, ಹಿಂದೆಯೇ ಅಮ್ಮನ ಫೋನು. "ಇದು ನನ್ನಿಂದ್ಲೇ ಬಂತೇನಪ್ಪಾ ನಿಮಗೆ?"

"ನಿನಗೂ ಹಿಂಗೇ ಯಾರಿಂದಲೋ ಬಂದಿರುತ್ತಮ್ಮ. ಅವರಿಗೂ ಗೊತ್ತಿರಲಿಲ್ಲ" ಎಂದನಂತೆ ಆತ. ಅಮ್ಮ ಸ್ವಲ್ಪ ಅತ್ತರು. ಆಮೇಲೆ ಸ್ಕ್ಯಾನಿಗೆ ಬರಿಹೊಟ್ಟೆಯಲ್ಲಿ ಹೋಗಬೇಕೇ ಎಂದು ವಿಚಾರಿಸಿದರು. ಈಗ ದಾವಣಗೆರೆ, ಟಾರ್ನೀಟ್, ಗಿರಾವೀನ್ ಮೂರೂ ಕಡೆಯವರು ಸ್ಕ್ಯಾನನ್ನು ಒಂದೇ ವಾರದಲ್ಲಿ ಮಾಡಿಸಿಕೊಂಡು ಒಬ್ಬರಿಗೊಬ್ಬರು ತಿಳಿಸುತ್ತಾರೆ.

ಎಚ್‌ಐವಿ ವಿಷಯ ಮನೆಯಲ್ಲಿ ಹೇಳಬೇಕೇ ಬೇಡವೇ ಎಂದು ಆತ ನನ್ನನ್ನು ಕೇಳಿದ. ಅದು ನಿನ್ನ ಮಾತು, ನಿನಗೆ ಸರಿಯೆನಿಸಿದಾಗ ಹೇಳು ಎಂದೆ. ಇನ್ನೂ ಹೇಳಿಲ್ಲ. ಮಾತ್ರೆ ಮಾತ್ರ ವಿಟಮಿನ್ ಡಬ್ಬಿಯಿಂದ ತನ್ನ ಡಬ್ಬಿಗೆ ಮರಳಿದೆ, ಅಡುಗೆಮನೆಯ ಕಪಾಟಿನಲ್ಲಿ, ಕಾಫಿಪುಡಿಯ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಕೂತಿದೆ. ಈ ಸಲ ಅಮ್ಮ ಬಂದಾಗ ಅದೇನೆಂದು ಕೇಳಿದರಂತೆ. "ಲಿವರ್ ಮಾತ್ರೆ" ಅಂದನಂತೆ. ಆ ಮಾತು ಸುಳ್ಳಲ್ಲ.